ನಮ್ಮ ಬಾಯಿಯ ಸಂಶೋಧನೆ ನಮಗೇ ಓದಲು ಸಿಗಬೇಕು

ಸೂರತ್ತಿನ ವರಾಛಾ ಪ್ರದೇಶದ ವಜ್ರದ ಕಾರ್ಖಾನೆಗಳಲ್ಲಿ ಘಂಟಿ ಎಂಬ ಸಾಣೆಚಕ್ರದ ಸುತ್ತ ಕೂತು ಹರಳಿಗೆ ಹೊಳಪು ಕೊಡುವ ರತ್ನಕಲಾಕಾರರಲ್ಲಿ ಹೆಚ್ಚಿನವರ ಮೂಲ ಸೌರಾಷ್ಟ್ರ. ಅದರಲ್ಲೂ ಭಾವನಗರ, ಅಮ್ರೇಲಿ ಜಿಲ್ಲೆಗಳ ಹಳ್ಳಿಗಳು. ಊರಿನಿಂದ ಅವರೊಟ್ಟಿಗೆ ಬಂದ ಅಭ್ಯಾಸಗಳಲ್ಲಿ ಮಾವಾ ಒಂದು. ಅಡಿಕೆ ಚೂರು, ಚಿಟಿಕೆ ತಂಬಾಕು, ಒಂದಿಷ್ಟು ಸುಣ್ಣ, ಇವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಅಂಗೈಯಲ್ಲಿ ಗಸಗಸನೆ ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಗುಟ್ಕಾವನ್ನು ಗುಜರಾತ್ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಪಾನ್ ಅಂಗಡಿಯಲ್ಲಿ ಕಣ್ಣೆದುರೇ ತಯಾರಾಗುವ ಮಾವಾ ಆ ನಿಷೇಧದ ಬಲೆಗೆ ಸುಲಭಕ್ಕೆ ಬೀಳುವುದಿಲ್ಲ. ವರ್ಷಗಟ್ಟಲೆ ಅಗಿದವರ ಬಾಯಿಯ ಒಳಪದರ ಮೊದಲು ಬಿಳಿಚಿಕೊಳ್ಳುತ್ತದೆ, ಊಟದ ಖಾರ ತಾಗಿದರೆ ಉರಿಯುತ್ತದೆ, ಆಮೇಲೆ ಕೆನ್ನೆಯೊಳಗೆ ನಾರುಗಟ್ಟಿ ಬಿಗಿಯುತ್ತದೆ. ಮೂರು ಬೆರಳು ಉದ್ದುದ್ದಕ್ಕೆ ಹಿಡಿಸಬೇಕಾದ ಬಾಯಲ್ಲಿ ಎರಡು ಹಿಡಿಸುವುದಿಲ್ಲ, ಕೊನೆಗೆ ಒಂದೂ ಕಷ್ಟ. ದಂತವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಗಿಯುವುದನ್ನು ಬಿಟ್ಟರೂ ಬಿಗಿದದ್ದು ಪೂರ್ತಿ ಸಡಿಲವಾಗುವುದಿಲ್ಲ, ಮತ್ತು ಇವರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಬರುತ್ತದೆ. 2022ರಲ್ಲಿ ಇಡೀ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ತುಟಿ ಮತ್ತು ಬಾಯಿ ಕ್ಯಾನ್ಸರ್ ಸುಮಾರು 3.89 ಲಕ್ಷ ಎಂಬ ಅಂದಾಜಿದೆ, ಅದರಲ್ಲಿ 1.43 ಲಕ್ಷ ನಮ್ಮ ದೇಶದ್ದೇ.

ಈ ಕಾಯಿಲೆಯ ಬಗ್ಗೆ ಸಂಶೋಧನೆ ನಡೆದಿಲ್ಲವೆಂದು ಯಾರೂ ಹೇಳುವಂತಿಲ್ಲ. 1960ರ ದಶಕದಲ್ಲೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ಘಟಕದಿಂದ ಫಲಿ ಮೆಹ್ತಾ, ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಮತ್ತು ಸಂಗಡಿಗರು ದೇಶದ ಐದು ಜಿಲ್ಲೆಗಳ 50,915 ಹಳ್ಳಿಗರ ಬಾಯಿ ಪರೀಕ್ಷಿಸಿದರು. ಆ ಐದರಲ್ಲಿ ಭಾವನಗರವೂ ಒಂದು. ಆ ವರದಿ 1969ರಲ್ಲಿ ಅಮೆರಿಕದ ‘ಕ್ಯಾನ್ಸರ್’ ಜರ್ನಲ್‌ನಲ್ಲಿ ಬಂತು. ತಂಬಾಕು ಬಿಡಿಸುವ ಪ್ರಯತ್ನದಿಂದ ಬಾಯಿ ಕ್ಯಾನ್ಸರಿನ ಮುನ್ಸೂಚನೆಯ ಗಾಯಗಳು ಕಡಿಮೆಯಾಗುತ್ತವೆಯೇ ಎಂದು ಭಾವನಗರವೂ ಸೇರಿದಂತೆ ಮೂರು ಜಿಲ್ಲೆಗಳ 36 ಸಾವಿರ ತಂಬಾಕು ಬಳಕೆದಾರರಲ್ಲಿ ನಡೆದ ಅಧ್ಯಯನ 1986ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದೇ ತಂಡದ ಪ್ರಕಾಶ್ ಗುಪ್ತಾ ಮತ್ತು ಇತರರು ಮತ್ತೆ ಭಾವನಗರದ ಹಳ್ಳಿಗಳಿಗೆ ಹೋಗಿ ಮನೆಮನೆ ಸುತ್ತಿದರು. ತಂಬಾಕು ಅಥವಾ ಅಡಿಕೆ ಅಗಿಯುವ 5,018 ಗಂಡಸರನ್ನು ಪರೀಕ್ಷಿಸಿದಾಗ 164 ಮಂದಿಗೆ ಫೈಬ್ರೋಸಿಸ್ ಇತ್ತು, ಅವರಲ್ಲಿ ನಾಲ್ವರನ್ನು ಬಿಟ್ಟು ಉಳಿದವರೆಲ್ಲ ಅಡಿಕೆ ಬಳಸುವವರು, ಹೆಚ್ಚಾಗಿ ಮಾವಾ ರೂಪದಲ್ಲಿ, ಮತ್ತು ಬಹುಪಾಲು ಯುವಕರು. ಇದೊಂದು ಹೊಸ ಪಿಡುಗೇ ಎಂದು ಕೇಳಿದ ಆ ಪ್ರಬಂಧ 1998ರಲ್ಲಿ ದೆಹಲಿಯ ಏಮ್ಸ್‌ನಿಂದ ಹೊರಡುವ ‘ನ್ಯಾಷನಲ್ ಮೆಡಿಕಲ್ ಜರ್ನಲ್ ಆಫ್ ಇಂಡಿಯಾ’ದಲ್ಲಿ ಬಂತು. ವರಾಛಾದಲ್ಲಿ ಇವತ್ತು ಘಂಟಿಯ ಮುಂದೆ ಕೂತಿರುವ ಎಷ್ಟೋ ಜನರ ಅಪ್ಪ, ಚಿಕ್ಕಪ್ಪಂದಿರ ತಲೆಮಾರಿನ ಬಾಯಿಯಿಂದಲೇ ಜಗತ್ತು ಈ ವಿದ್ಯೆ ಕಲಿತಿದೆ.

ಹಾಗೆ ಕಲಿತದ್ದು ಯಾರ ಕೈಗೆ ಸೇರಿತು ಎಂಬುದೇ ನನ್ನ ತಕರಾರು. ವರಾಛಾದಲ್ಲೇ ಒಂದು ಕುರ್ಚಿ ಹಾಕಿಕೊಂಡು ಕ್ಲಿನಿಕ್ ನಡೆಸುವ ದಂತವೈದ್ಯರು ಬಿಗಿದ ಬಾಯಿಗೆ ಯಾವ ಚುಚ್ಚುಮದ್ದು, ಯಾವ ವ್ಯಾಯಾಮ ಎಷ್ಟು ಕೆಲಸ ಮಾಡುತ್ತದೆಂದು ಅಂತರ್ಜಾಲದಲ್ಲಿ ಹುಡುಕಿದರೆ ಸಾರಾಂಶದ ಹತ್ತು ಸಾಲು ಕಾಣುತ್ತದೆ. ಪೂರ್ತಿ ಓದಬೇಕಾದರೆ ಒಂದೊಂದು ಪ್ರಬಂಧಕ್ಕೂ ಮೂವತ್ತು, ನಲವತ್ತು ಡಾಲರ್ ಕೇಳುವ ಪುಟ ತೆರೆದುಕೊಳ್ಳುತ್ತದೆ. ಹತ್ತು ಪ್ರಬಂಧ ಹೋಲಿಸಿ ನೋಡುವುದಾದರೆ ಮೂವತ್ತು ಸಾವಿರ ರೂಪಾಯಿಯ ಹತ್ತಿರ ಬರುತ್ತದೆ. ಹಲ್ಲು ಕೀಳಿಸಲು ಬಂದವರಿಂದ ಕೆಲವು ನೂರು ರೂಪಾಯಿ ಪಡೆಯುವ ವೈದ್ಯರು ಇದನ್ನು ಕೊಟ್ಟಾರೆಯೇ? ಕೊಡುವುದಿಲ್ಲ. ಸಾರಾಂಶವನ್ನೇ ನಂಬುತ್ತಾರೆ, ಇಲ್ಲವೇ ಔಷಧ ಕಂಪನಿಯ ಪ್ರತಿನಿಧಿ ಹೇಳಿದ್ದನ್ನು ಕೇಳುತ್ತಾರೆ. ಕದ್ದು ಓದುವ ದಾರಿಯಾಗಿದ್ದ ಸೈ-ಹಬ್ ವಿರುದ್ಧ ದೊಡ್ಡ ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 2025ರಲ್ಲಿ ಅದನ್ನು ದೇಶದೊಳಗೆ ನಿರ್ಬಂಧಿಸುವ ಆದೇಶವೂ ಆಯಿತು. ಕಾನೂನಿನ ಮಾತು ಹಾಗಿರಲಿ, ಅಷ್ಟು ಜನ ವೈದ್ಯರು, ವಿದ್ಯಾರ್ಥಿಗಳು ಆ ಹಿಂಬಾಗಿಲಿಗೆ ಹೋಗಬೇಕಾಗಿ ಬಂದದ್ದೇ ಮುಂಬಾಗಿಲು ಮುಚ್ಚಿದೆ ಎಂಬುದಕ್ಕೆ ಸಾಕ್ಷಿ.

ಕೇಂದ್ರ ಸರ್ಕಾರ ಸುಮ್ಮನೆ ಕೂತಿಲ್ಲ ಎನ್ನುವುದನ್ನು ಒಪ್ಪಬೇಕು. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಸಿಗುತ್ತವೆ. ಇದನ್ನು ನಡೆಸುವ ಇನ್‌ಫ್ಲಿಬ್‌ನೆಟ್ ಇರುವುದು ಗುಜರಾತಿನ ಗಾಂಧಿನಗರದಲ್ಲೇ. ದೊಡ್ಡ ಹೆಜ್ಜೆ, ನಿಜ. ಆದರೆ ಈ ಹಂತದಲ್ಲಿ ಇದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಮಾತ್ರ. ದಂತವಿದ್ಯೆಯ ಮಟ್ಟಿಗೆ ಈ ಗೆರೆ ಬಹಳ ತಪ್ಪು ಜಾಗದಲ್ಲಿ ಬಿದ್ದಿದೆ. ಅಹಮದಾಬಾದಿನ ಸರ್ಕಾರಿ ದಂತ ಕಾಲೇಜು ಒಳಗಾದರೆ, ವಡೋದರಾ ಬಳಿಯ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ದಂತ ಕಾಲೇಜು ಹೊರಗೆ. ಕರ್ನಾಟಕದಲ್ಲಂತೂ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಲ್ಲಿ ಸರ್ಕಾರದವು ಬೆರಳೆಣಿಕೆ. ರೋಗಿಗಳು ಹೆಚ್ಚಾಗಿ ಹೋಗುವ ಖಾಸಗಿ ಕ್ಲಿನಿಕ್ಕುಗಳಂತೂ ಲೆಕ್ಕಕ್ಕೇ ಇಲ್ಲ. ಇಡೀ ದೇಶಕ್ಕೆ ಬಾಗಿಲು ತೆರೆಯುವುದು ಆಗದ ಮಾತೆಂದರೆ ಅದೂ ಸರಿಯಲ್ಲ: 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ಕೊಟ್ಟು, ಚಿಕಿತ್ಸೆಗಳ ಕುರಿತ ವಿಮರ್ಶೆಗಳ ಸಂಗ್ರಹವಾದ ಕೊಕ್ರೇನ್ ಲೈಬ್ರರಿಯನ್ನು ಭಾರತದಲ್ಲಿ ಅಂತರ್ಜಾಲವಿರುವ ಪ್ರತಿಯೊಬ್ಬರಿಗೂ ತೆರೆದುಕೊಟ್ಟಿತ್ತು. ಕಾಲೇಜು ಯಾವುದು, ಸಂಬಳ ಯಾರದು ಎಂದು ಯಾರೂ ಕೇಳಲಿಲ್ಲ.

ಕನ್ನಡ ಓದುಗರಿಗೆ ಇದು ದೂರದ ಸೂರತ್ತಿನ ಸುದ್ದಿಯಲ್ಲ. ಆ ಮಾವಾದ ಅಡಿಕೆಯನ್ನು ದೇಶದಲ್ಲೇ ಅತಿ ಹೆಚ್ಚು ಬೆಳೆಯುವುದು ನಮ್ಮ ರಾಜ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಪ್ರತ್ಯೇಕವಾಗಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದಾಗಿನಿಂದ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರಲ್ಲಿ ಆತಂಕ ಇದ್ದೇ ಇದೆ. ತಂಬಾಕು ಬೆರೆಸಿದ ಅಡಿಕೆಯ ಮೇಲಿನ ಅಧ್ಯಯನಗಳನ್ನು ಬರೀ ಅಡಿಕೆಗೆ ಅನ್ವಯಿಸಿದ್ದಾರೆ ಎಂಬುದು ಅವರ ವಾದ. ಈ ವಾದ ಎಷ್ಟು ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸಬೇಕಾದರೆ ಯಾವ ಅಧ್ಯಯನದಲ್ಲಿ ಎಷ್ಟು ಮಂದಿ ತಂಬಾಕಿಲ್ಲದೆ ಅಡಿಕೆ ಅಗಿಯುತ್ತಿದ್ದರು, ಅವರಿಗೆ ಏನಾಯಿತು ಎಂದು ಮೂಲ ಪ್ರಬಂಧವನ್ನೇ ನೋಡಬೇಕು. ಸಂಸ್ಥೆಯ ತೀರ್ಪಿನ ಗ್ರಂಥ ಉಚಿತವಾಗಿ ಸಿಗುತ್ತದೆ. ಅದು ಆಧರಿಸಿದ ಪ್ರಬಂಧಗಳಲ್ಲಿ ಎಷ್ಟೋ ಹಣದ ಬೀಗದ ಹಿಂದಿವೆ. ಹೀಗಾಗಿ ಅಡಿಕೆಯ ಪರವಾಗಿ ಮಾತಾಡುವವರೂ ವಿರೋಧಿಸುವವರೂ ಒಬ್ಬರ ಭಾಷಣ ಕೇಳಿ ಇನ್ನೊಬ್ಬರು ಭಾಷಣ ಮಾಡುತ್ತಿದ್ದಾರೆ. ಲಕ್ಷಾಂತರ ಕುಟುಂಬಗಳ ಅನ್ನದ ಪ್ರಶ್ನೆ, ಲಕ್ಷಾಂತರ ಜನರ ಜೀವದ ಪ್ರಶ್ನೆ ಎರಡೂ ಕೂಡಿರುವ ಚರ್ಚೆ ಹೀಗೆ ನಡೆಯಬಾರದು.

ಓದುವ ಬಾಗಿಲು ತೆರೆದರೆ ಮಾತ್ರ ಸಾಲದು, ಬರೆಯುವ ಬಾಗಿಲೂ ನಮ್ಮ ಕೈಯಲ್ಲಿರಬೇಕು. ಎಲ್ಲರಿಗೂ ಮುಕ್ತವಾದ ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲಿ ಹಲವು ಓದುಗರ ಬದಲು ಲೇಖಕರಿಂದ ಎರಡು, ಮೂರು ಸಾವಿರ ಡಾಲರ್ ವಸೂಲಿ ಮಾಡುತ್ತವೆ. ಮೂರು ವರ್ಷದ ಎಂ.ಡಿ.ಎಸ್. ಮುಗಿಸುತ್ತಿರುವ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ಎರಡು ಲಕ್ಷ ಎಲ್ಲಿಂದ ತಂದಾನು? ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ, ಓದುವವರೂ ಬರೆಯುವವರೂ ಹಣ ಕೊಡಬೇಕಿಲ್ಲದ, ವಿಶ್ವವಿದ್ಯಾಲಯ ಅಥವಾ ವೃತ್ತಿಸಂಘ ಸಾರ್ವಜನಿಕ ಹಣದಲ್ಲಿ ನಡೆಸುವ ಜರ್ನಲ್. ಇದು ಕನಸಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿದೆ. 1913ರಿಂದ ಬರುತ್ತಿರುವ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಓದಲು ಹಣ ಬೇಕಿಲ್ಲ. ದಂತವಿದ್ಯೆಯಲ್ಲೇ ನೋಡಿ: ಬೆಳಗಾವಿಯ ಮರಾಠಾ ಮಂಡಳದ ದಂತ ಕಾಲೇಜು 2010ರಲ್ಲಿ ಶುರುಮಾಡಿದ ‘ಕಂಟೆಂಪರರಿ ಕ್ಲಿನಿಕಲ್ ಡೆಂಟಿಸ್ಟ್ರಿ’ಯ ಪ್ರಬಂಧಗಳು ಅಮೆರಿಕದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿಯಾಗಿ, ಪುಕ್ಕಟೆ ಓದಲು ಸಿಗುತ್ತವೆ. ಗಡಿನಾಡಿನ ಒಂದು ಖಾಸಗಿ ಕಾಲೇಜಿಗೆ ಇಷ್ಟು ಆದರೆ ಒಂದು ರಾಜ್ಯಕ್ಕೆ ಯಾಕಾಗಬಾರದು?

ಆದರೆ ಜರ್ನಲ್ ನಡೆಸುವುದು ಸಲೀಸಲ್ಲ, ಇದನ್ನು ಮರೆತವರೇ ಈ ಕೆಲಸ ಕೆಡಿಸಿದ್ದು. ಬಂದ ಹಸ್ತಪ್ರತಿಯನ್ನು ಮೊದಲು ಸಂಪಾದಕರು ನೋಡಬೇಕು: ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಬೇರೆಯವರ ಬರಹ ನಕಲಾಗಿದೆಯೇ, ಅಂಕಿಅಂಶದ ವಿಧಾನ ಪ್ರಶ್ನೆಗೆ ಹೊಂದುತ್ತದೆಯೇ. ಆಮೇಲೆ ಆ ವಿಷಯ ಗೊತ್ತಿರುವ ಇಬ್ಬರಿಗೆ ಕಳಿಸಬೇಕು. ಒಪ್ಪಿದವರು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ಕೆಲವರು ಎರಡೇ ಸಾಲು ಬರೆದು ಕಳಿಸುತ್ತಾರೆ, ಮತ್ತೆ ಮೂರನೆಯವರನ್ನು ಹುಡುಕಬೇಕು. ತಿದ್ದುಪಡಿ, ಭಾಷೆ, ಕೋಷ್ಟಕ, ಚಿತ್ರ, ಆಕರಗಳ ತಾಳೆ, ಯಂತ್ರ ಓದುವ ರೂಪಕ್ಕೆ ಪರಿವರ್ತನೆ, ಪ್ರತಿ ಪ್ರಬಂಧಕ್ಕೂ ಶಾಶ್ವತ ಗುರುತಿನ ಸಂಖ್ಯೆ, ಸೂಚಿಗಳಿಗೆ ಸೇರ್ಪಡೆ, ಮುಂದೆ ತಪ್ಪು ಸಿಕ್ಕರೆ ಬಹಿರಂಗವಾಗಿ ಹಿಂತೆಗೆದುಕೊಳ್ಳುವ ಧೈರ್ಯ. ನಮ್ಮಲ್ಲಿ ಇದೆಲ್ಲ ಬಹುಪಾಲು ಪ್ರಾಧ್ಯಾಪಕರು ಪಾಠ, ರೋಗಿಗಳ ನಡುವೆ ರಾತ್ರಿ ಹೊತ್ತು ಮಾಡುವ ಕೆಲಸ. ಹೊರೆ ತಾಳದೆ ಸಂಘಗಳು ಪ್ರಕಟಣೆಯನ್ನು ಕಂಪನಿಗಳಿಗೆ ಒಪ್ಪಿಸಿದವು. ಮುಂಬೈಯ ಮೆಡ್‌ನೋ ಅನೇಕ ಭಾರತೀಯ ವೈದ್ಯಕೀಯ, ದಂತ ಜರ್ನಲ್‌ಗಳನ್ನು ಉಚಿತವಾಗಿ ಅಂತರ್ಜಾಲಕ್ಕೆ ತಂದು ನಿಜಕ್ಕೂ ಉಪಕಾರ ಮಾಡಿತು. 2011ರಲ್ಲಿ ಅದನ್ನು ವಿದೇಶಿ ಕಂಪನಿಯಾದ ವೋಲ್ಟರ್ಸ್ ಕ್ಲುವರ್ ಕೊಂಡಿತು. ಹೆಸರು ನಮ್ಮ ಸಂಘದ್ದು, ಕೀಲಿಕೈ ಇನ್ನೊಬ್ಬರದು ಎಂಬ ಸ್ಥಿತಿ ಬಂತು.

ಉಚಿತವಾದರೆ ಗುಣಮಟ್ಟ ಬೀಳುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ಆಕ್ಷೇಪ, ಮತ್ತು ಅದಕ್ಕೆ ಆಧಾರ ಇಲ್ಲದಿಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹ್ಯಾನನ್ ಬೇಕೆಂದೇ ತಪ್ಪು ತುಂಬಿದ ಸುಳ್ಳು ಪ್ರಬಂಧವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದಾಗ 157 ಅದನ್ನು ಒಪ್ಪಿಕೊಂಡವು. ಪರೀಕ್ಷೆಗೆ ಒಳಗಾದವುಗಳಲ್ಲಿ ಮೂರನೇ ಒಂದು ಪಾಲು ಭಾರತದ್ದು. ತಲೆ ತಗ್ಗಿಸಬೇಕಾದ ವಿಷಯವೇ. ಆದರೆ ಅದೇ ಪರೀಕ್ಷೆಯಲ್ಲಿ 98 ಮುಕ್ತ ಜರ್ನಲ್‌ಗಳು ಅದನ್ನು ತಿರಸ್ಕರಿಸಿದವು. ಹಾಗಾದರೆ ಕೆಟ್ಟದ್ದು ಮುಕ್ತತೆಯಿಂದಲ್ಲ, ಲೇಖಕರ ಹಣವೇ ಆದಾಯವಾದಾಗ ‘ಇಲ್ಲ’ ಎನ್ನಲು ಮನಸ್ಸು ಬಾರದ್ದರಿಂದ. ಇದರ ಜೊತೆಗೆ ಬಡ್ತಿಗೆ ಇಷ್ಟು ಪ್ರಕಟಣೆ ಬೇಕೆಂಬ ಲೆಕ್ಕಾಚಾರ ಸೇರಿ ಅಂಥ ಅಂಗಡಿಗಳಿಗೆ ಗಿರಾಕಿ ಒದಗಿಸಿತು. ಒಳ್ಳೆಯ ಜರ್ನಲ್‌ಗಳ ಪಟ್ಟಿ ಮಾಡಲು ಯುಜಿಸಿ ತಂದ ಕೇರ್ ವ್ಯವಸ್ಥೆಯೂ 2025ರಲ್ಲಿ ನಿಂತಿತು, ಕಾಳು ಜೊಳ್ಳು ಬೇರ್ಪಡಿಸುವ ಹೊಣೆ ಈಗ ಸಂಸ್ಥೆಗಳದ್ದೇ. ಲೇಖಕರಿಂದ ಒಂದು ರೂಪಾಯಿಯನ್ನೂ ಪಡೆಯದ ಜರ್ನಲ್‌ಗೆ ಕಸವನ್ನು ಒಪ್ಪಿಕೊಳ್ಳುವ ಆಮಿಷವೇ ಇರುವುದಿಲ್ಲ. ಗುಣಮಟ್ಟದ ಕಾಳಜಿ ಇರುವವರು ಈ ಮಾದರಿಯನ್ನೇ ಮೊದಲು ಬೆಂಬಲಿಸಬೇಕು. ಕೆಲವು ಮೋಸಗಾರರಿದ್ದಾರೆಂದು ಮುಕ್ತ ಪ್ರಕಟಣೆಯನ್ನೇ ಕೈಬಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಮೇಲಿನ ಅಂಕಿಯಲ್ಲೇ ಇದೆ. ವಿದೇಶಿ ಪ್ರಕಾಶಕರ ಚಂದಾಕ್ಕೆಂದು ಇಟ್ಟ 6,000 ಕೋಟಿಯಲ್ಲಿ ನೂರಕ್ಕೆ ಒಂದು ಪಾಲು ಎಂದರೆ 60 ಕೋಟಿ, ವರ್ಷಕ್ಕೆ 20 ಕೋಟಿ. ಪೂರ್ಣಾವಧಿ ಸಂಪಾದಕೀಯ ಸಿಬ್ಬಂದಿ, ಅಂಕಿಅಂಶ ತಜ್ಞರು, ಪರಿಶೀಲಕರಿಗೆ ಗೌರವಧನ, ಸಾರ್ವಜನಿಕ ಸರ್ವರ್ ಎಲ್ಲ ಸೇರಿ ಹತ್ತಾರು ಜರ್ನಲ್‌ಗಳನ್ನು ಅಷ್ಟರಲ್ಲಿ ಗೌರವದಿಂದ ನಡೆಸಬಹುದು. ಬ್ರೆಜಿಲ್ ಇದನ್ನು 1990ರ ದಶಕದ ಕೊನೆಯಲ್ಲೇ ಆರಂಭಿಸಿತು. ಸಾವೊ ಪೌಲೊ ರಾಜ್ಯದ ಸಂಶೋಧನಾ ನಿಧಿಯ ಬೆಂಬಲದಿಂದ ಹುಟ್ಟಿದ ಸೈಯೆಲೊ ಎಂಬ ಸಾರ್ವಜನಿಕ ವೇದಿಕೆಯಲ್ಲಿ ಆ ದೇಶದ ಜರ್ನಲ್‌ಗಳು ಮುಕ್ತವಾಗಿ ಸಿಗುತ್ತವೆ. ಬೌರು ಎಂಬ ಊರಿನ ಸಾರ್ವಜನಿಕ ದಂತ ಕಾಲೇಜಿನ ‘ಜರ್ನಲ್ ಆಫ್ ಅಪ್ಲೈಡ್ ಓರಲ್ ಸೈನ್ಸ್’ ಅಲ್ಲಿಂದಲೇ ಜಗತ್ತಿಗೆಲ್ಲ ತಲುಪುತ್ತಿದೆ.

ಕೊನೆಯ ಆಕ್ಷೇಪ, ಸಾಮಾನ್ಯ ಜನರಿಗೆ ಸಂಶೋಧನೆ ಅರ್ಥವಾಗುವುದಿಲ್ಲ, ತೆರೆದಿಟ್ಟು ಪ್ರಯೋಜನವೇನು ಎಂಬುದು. ಪ್ರಬಂಧದ ಭಾಷೆ ಕಷ್ಟ, ಹೌದು. ಅದಕ್ಕೆ ಮದ್ದು ಮುಚ್ಚಿಡುವುದಲ್ಲ, ತಿಳಿಯುವ ಹಾಗೆ ಬರೆಯುವುದು. ಕೊಕ್ರೇನ್ ತನ್ನ ಪ್ರತಿ ವಿಮರ್ಶೆಯ ಜೊತೆ ಸರಳ ಭಾಷೆಯ ಸಾರಾಂಶ ಕೊಡುತ್ತದೆ, ಅದನ್ನು ಹಲವು ಭಾಷೆಗಳಿಗೆ ಅನುವಾದಿಸುತ್ತದೆ. ಭಾವನಗರದವರ ಬಾಯಿ ನೋಡಿ ಬರೆದ ಪ್ರಬಂಧಕ್ಕೆ ಗುಜರಾತಿಯಲ್ಲಿ, ದಾವಣಗೆರೆಯ ಮಕ್ಕಳ ಹಲ್ಲು ನೋಡಿ ಬರೆದದ್ದಕ್ಕೆ ಕನ್ನಡದಲ್ಲಿ ಒಂದು ಪುಟ ಬರೆಯಲು ಸಂಶೋಧಕರಿಗೆ ಒಂದು ದಿನ ಸಾಕು. ಆ ಪುಟ ಆಶಾ ಕಾರ್ಯಕರ್ತೆಗೆ ಬೇಕು, ಶಾಲಾ ಶಿಕ್ಷಕರಿಗೆ ಬೇಕು, ಅಡಿಕೆ ಬೆಳೆಗಾರರ ಸಂಘಕ್ಕೂ ಬೇಕು. ಬಾಯಿ ತೆರೆದು ತೋರಿಸಿದವರಿಗೆ ಅದು ಋಣಸಂದಾಯವೂ ಹೌದು.

ಆದ್ದರಿಂದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ದಂತವಿಜ್ಞಾನ ಜರ್ನಲ್‌ಗೆ ಪೂರ್ಣಾವಧಿ ಸಂಪಾದಕೀಯ ಕಚೇರಿ ಕೊಡಲಿ, ಲೇಖಕರಿಂದಾಗಲಿ ಓದುಗರಿಂದಾಗಲಿ ಹಣ ಪಡೆಯುವುದಿಲ್ಲವೆಂದು ಘೋಷಿಸಲಿ, ಪ್ರತಿ ಪ್ರಬಂಧಕ್ಕೂ ಕನ್ನಡ ಸಾರಾಂಶ ಕಡ್ಡಾಯ ಮಾಡಲಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಇಂಥ ಜರ್ನಲ್‌ಗಳಿಗೆ ಸಾರ್ವಜನಿಕ ವೇದಿಕೆ ಒದಗಿಸಲಿ. ಚಂದಾ ಯೋಜನೆಯ ಮುಂದಿನ ಹಂತದಲ್ಲಿ ನೋಂದಾಯಿತ ದಂತವೈದ್ಯರೆಲ್ಲರಿಗೂ ಅವರ ನೋಂದಣಿ ಸಂಖ್ಯೆಯ ಮೇಲೆಯೇ ಪ್ರವೇಶ ಕೊಡಲಿ. ಈ ಯೋಜನೆಗೆ ಒಪ್ಪಿದ ಹಣ 2027ರವರೆಗಿನದು. ಅದು ಮುಗಿಯುವ ಮುನ್ನವೇ ದಂತವೈದ್ಯರ ಸಂಘಗಳು ಈ ಬೇಡಿಕೆಯನ್ನು ಬರಹದಲ್ಲಿ ಸರ್ಕಾರದ ಮುಂದಿಡಬೇಕು.