ಹಸುಗೂಸಿನ ಉಸಿರು: ದಾನಕ್ಕೂ ಪರೀಕ್ಷೆ ಬೇಕು

ಸೇಡಂ, ವಾಡಿಗಳ ಸಿಮೆಂಟಿಗೆ 3, 7 ಹಾಗೂ 28 ದಿನಗಳ ಬಲಪರೀಕ್ಷೆ ಉಂಟು. ಪರೀಕ್ಷೆಯ ವರದಿಯಿಲ್ಲದ ಮಾಲನ್ನು ಬಲ್ಲ ಗುತ್ತಿಗೆದಾರನು ಸೇತುವೆಗೆ ಬಳಸುವುದಿಲ್ಲ. ಆಸ್ಪತ್ರೆಗೆ ಯಂತ್ರವೊಂದನ್ನು ದಾನ ನೀಡುವಾಗಲೂ ಉದ್ಯಮಿಗಳು ಇದೇ ವಿವೇಕವನ್ನು ಪಾಲಿಸುವುದು ಅವಶ್ಯ.

ಅವಧಿಗೆ ಮುನ್ನ ಜನಿಸಿದ ಶಿಶುವಿನ ಶ್ವಾಸಕೋಶ ಪಕ್ವವಾಗಿರುವುದಿಲ್ಲ; ಉಸಿರು ಬಿಟ್ಟಾಗಲೆಲ್ಲ ಅದರ ಸೂಕ್ಷ್ಮ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಮೃದುವಾದ ಒತ್ತಡದ ಗಾಳಿಯನ್ನು ನಿರಂತರವಾಗಿ ನೀಡಿ ಅವನ್ನು ತೆರೆದಿಡುವ ‘ಸಿ-ಪ್ಯಾಪ್’ ವಿಧಾನವನ್ನು ಅಮೆರಿಕದ ಡಾ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಇದರ ಸರಳ ರೂಪದಲ್ಲಿ ಗಾಳಿ ಹೊರಹೋಗುವ ಕೊಳವೆಯ ತುದಿ ನೀರಿನಲ್ಲಿ ಎಷ್ಟು ಆಳ ಮುಳುಗಿದೆಯೋ ಒತ್ತಡವೂ ಅಷ್ಟೇ. ಬೆಂಗಳೂರಿನ ಕೋಯಿಯೊ ಲ್ಯಾಬ್ಸ್ ರೂಪಿಸಿದ ‘ಸಾನ್ಸ್’ ಯಂತ್ರವು ವಿದ್ಯುತ್, ಬ್ಯಾಟರಿ, ಸಂಕುಚಿತ ಅನಿಲ ಅಥವಾ ಕೈಬಲದಿಂದ ನಡೆಯುವಂಥದು. 2019ರಲ್ಲಿ ಅದಕ್ಕೆ ಕಾಮನ್‌ವೆಲ್ತ್ ಪ್ರಶಸ್ತಿಯೂ ದೊರೆಯಿತು.

ಸೇಡಂನಿಂದ ಕಲಬುರಗಿಗೆ ಸುಮಾರು 50 ಕಿ.ಮೀ.; ಚಿಂಚೋಳಿಯಿಂದ ಇನ್ನೂ ದೂರ. ಆ ದಾರಿಯುದ್ದಕ್ಕೂ ಕೂಸಿನ ಉಸಿರು ನಿಲ್ಲದಂತೆ ಕಾಯಬಲ್ಲ ಉಪಕರಣ ಈ ಭಾಗಕ್ಕೆ ಬೇಕೇ ಬೇಕು.

ಆದರೆ ಸದುದ್ದೇಶವೊಂದೇ ಸಾಲದು. 1940 ಮತ್ತು 50ರ ದಶಕಗಳಲ್ಲಿ ಮಿತಿಮೀರಿ ಆಮ್ಲಜನಕ ನೀಡಿದ್ದರಿಂದ ಜಗತ್ತಿನಾದ್ಯಂತ ಸುಮಾರು 10,000 ಶಿಶುಗಳು ದೃಷ್ಟಿ ಕಳೆದುಕೊಂಡವು. 1953ರಲ್ಲಿ ಅಮೆರಿಕದಲ್ಲಿ ಕ್ರಮಬದ್ಧ ಪ್ರಯೋಗ ಆರಂಭವಾದ ಮೇಲಷ್ಟೇ ಕಾರಣ ಖಚಿತವಾಯಿತು.

ಪರೀಕ್ಷೆಗೆಂದು ಕಾಯುತ್ತ ಕುಳಿತರೆ ಶಿಶುಗಳು ಸಾಯುವುದಿಲ್ಲವೇ ಎಂಬ ಆಕ್ಷೇಪ ಸಹಜ. ಸಿ-ಪ್ಯಾಪ್ ವಿಧಾನಕ್ಕೆ ಕಾಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿಯೂ ಅದನ್ನು ಶಿಫಾರಸು ಮಾಡಿದೆ. ಪರೀಕ್ಷೆ ಬೇಕಾದುದು ಹೊಸ ಮಾದರಿಯ ಯಂತ್ರಕ್ಕೆ. ಅದನ್ನು ಹಳೆಯದರೊಡನೆ ಹೋಲಿಸಿ ನೋಡಬೇಕು. ಯಾವ ಕೂಸಿಗೂ ರುಜುವಾತಾದ ಚಿಕಿತ್ಸೆ ತಪ್ಪಬಾರದು. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯು ಇಂಥ ಪ್ರಯೋಗಕ್ಕೆ ಅನುಮತಿ, ನೀತಿ ಸಮಿತಿಯ ಒಪ್ಪಿಗೆ ಹಾಗೂ ಹಾನಿಗೆ ಪರಿಹಾರವನ್ನು ವಿಧಿಸಿದೆ. ಶಹಾಬಾದಿನ ಕಲ್ಲುಗಣಿ ಕಾರ್ಮಿಕನಿಗೂ ಅವನ ಭಾಷೆಯಲ್ಲೇ ವಿಷಯ ತಿಳಿಸಿ ಸಮ್ಮತಿ ಪಡೆಯಬೇಕು. ಬಡವನ ಕೂಸು ಪ್ರಯೋಗದ ಸಾಮಗ್ರಿಯಲ್ಲ. ಪ್ರಯೋಗ ಮಹಾನಗರದಲ್ಲಷ್ಟೇ ನಡೆದರೂ ಸಾಲದು. ವಿದ್ಯುತ್ ಕೈಕೊಡುವ, ದಾದಿಯರು ಕಡಿಮೆಯಿರುವ, ಬೇಸಿಗೆಯ ಬಿಸಿಲು ಸುಡುವ ಊರಿನಲ್ಲೂ ಯಂತ್ರ ನಿಲ್ಲುವುದೇ ಎಂದು ನೋಡಬೇಕು.

ದಾನಿಗಳು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳಲಿ: ಪರವಾನಗಿ ಇದೆಯೇ? ಎಲ್ಲಿ ಪರೀಕ್ಷೆಯಾಗಿದೆ? ಆಮ್ಲಜನಕವನ್ನು ಗಾಳಿಯೊಡನೆ ಹದವಾಗಿ ಬೆರೆಸುವ ವ್ಯವಸ್ಥೆ ಇದೆಯೇ? ಮೂಗಿನ ನಳಿಕೆ ಸವೆದಾಗ, ಯಂತ್ರ ಕೆಟ್ಟಾಗ ಹೊಣೆ ಯಾರದು? ದಾನದ ಹಣದಲ್ಲಿ ದಾದಿಯರ ತರಬೇತಿಗೂ ವಾರ್ಷಿಕ ನಿರ್ವಹಣೆಗೂ ಪಾಲಿರಲಿ. ಬಿಡಿಭಾಗ ತಯಾರಿಸಬಯಸುವ ಸಣ್ಣ ಕೈಗಾರಿಕೆಗಳು ಸಹ ನಿಯಮಾನುಸಾರ ಮುಂದೆ ಬರಲಿ; ವರ್ಕ್‌ಶಾಪಿನ ನಕಲಿಗೆ ಇಲ್ಲಿ ಎಡೆಯಿಲ್ಲ.

ಸಿಮೆಂಟಿನ ಬಲಕ್ಕೆ 28 ದಿನ ಕಾಯುವ ವ್ಯಾಪಾರಿಗೆ, ಕೂಸಿನ ಉಸಿರಿನ ವಿಷಯದಲ್ಲಿ ಇಷ್ಟು ಪ್ರಶ್ನೆ ಕೇಳುವುದು ಹೆಚ್ಚಿನ ಹೊರೆಯೇನಲ್ಲ.