ಗೋಳಿಮರಕ್ಕೆ ಗರ್ನಾಲು ಬೇಡ

ಅಡಿಕೆ ಹಣ್ಣಾಗುವ ದಿನಗಳಲ್ಲಿ ನಮ್ಮ ತೋಟದ ಬೆಳಗಿನ ಮೊದಲ ಕೆಲಸ ಹೆಕ್ಕುವುದು. ರಾತ್ರಿ ಬಾವಲಿಗಳು ಹಣ್ಣಡಿಕೆಯ ಸಿಪ್ಪೆ ಚೀಪಿ, ಉಳಿದದ್ದನ್ನು ತಾವು ಕೂತ ಮಾವಿನ ಮರದ ಬುಡಕ್ಕೆ ಬೀಳಿಸಿ ಹೋಗಿರುತ್ತವೆ. ನಾರು ಕೆದರಿರುತ್ತದೆ, ಹಲ್ಲಿನ ಗುರುತು ಕಾಣುತ್ತದೆ, ಮುಟ್ಟಿದರೆ ಇನ್ನೂ ಅಂಟಂಟು. ಅಮ್ಮ ಅದನ್ನು ಸೆರಗಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ಕೊಯ್ಲಿನ ಕೂಲಿ ಉಳಿಸಿದ ಬಾವಲಿಗೆ ಮನೆಯಲ್ಲಿ ಯಾರೂ ಬೈದದ್ದು ನೆನಪಿಲ್ಲ.

2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಿತು ನೋಡಿ, ಬೈಗುಳ ಶುರುವಾಯಿತು. ನಮ್ಮದು ವಿಟ್ಲದ ಕಡೆ, ಕೇರಳದ ಗಡಿ ಬೈಕಿನ ದಾರಿ. ಹಳೆಯ ಗೋಳಿಮರವೊಂದರಲ್ಲಿ ದೊಡ್ಡ ಹಣ್ಣುಬಾವಲಿಗಳು ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ನೇತಾಡುತ್ತಿವೆ. ಕೇರಳದಿಂದ ನಿಪಾ ಸುದ್ದಿ ಬಂದಾಗಲೆಲ್ಲ ನೆರೆಮನೆಯವರದು ಒಂದೇ ಮಾತು: "ನಾಲ್ಕು ಗರ್ನಾಲು ಬಿಟ್ರೆ ಆಯ್ತು ಮಾಷ್ಟ್ರೇ, ಮತ್ತೆ ಈ ಕಡೆ ತಲೆ ಹಾಕ್ಲಿಕ್ಕಿಲ್ಲ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವನು ನಾನು. ಅವರ ಭಯವನ್ನು ಹಗುರ ಮಾಡಲಾರೆ. ಈ ಜಾತಿಯ ಬಾವಲಿಯಲ್ಲಿ ನಿಪಾ ವೈರಸ್ ಇರುವುದನ್ನು ಪುಣೆಯ ವೈರಾಣು ಸಂಸ್ಥೆ ಕೇರಳದಲ್ಲೇ ಪತ್ತೆ ಮಾಡಿದೆ. ನನ್ನ ತಕರಾರು ಗರ್ನಾಲಿನ ಬಗ್ಗೆ ಮಾತ್ರ.

ಗರ್ನಾಲು ಬಿಡುವವರ ಲೆಕ್ಕದಲ್ಲಿ ಇವು 'ನಮ್ಮೂರ ಬಾವಲಿಗಳು'. ಅಲ್ಲೇ ಲೆಕ್ಕ ತಪ್ಪುತ್ತದೆ. ಹಣ್ಣುಬಾವಲಿಗಳು ಒಂದೇ ಊರಿನವಾಗಿ ಉಳಿಯಬೇಕೆಂದಿಲ್ಲ; ಅದು ತಿಳಿಯುವುದು ಅವುಗಳ ವಂಶವಾಹಿಗಳಿಂದ. ಒಂದು ಊರಿನ ಬಾವಲಿಗಳು ತಮ್ಮತಮ್ಮೊಳಗೇ ಮರಿ ಮಾಡುತ್ತಾ ಹೋದರೆ ಅವುಗಳ ಡಿಎನ್‌ಎಗೆ ಬೇರೆಯದೇ ಚಹರೆ ಬರುತ್ತದೆ. ಮೂಗು ನೋಡಿ ಇವನು ಇಂಥ ಮನೆಯವನು ಅನ್ನುತ್ತೇವಲ್ಲ, ಹಾಗೆ. ಊರೂರಿನವು ಕೂಡಿ ಬೆರೆತರೆ ಆ ಚಹರೆ ಅಳಿಸಿಹೋಗುತ್ತದೆ. ಆಫ್ರಿಕಾದ ಒಂದು ಹಣ್ಣುಬಾವಲಿಯ ವಂಶವಾಹಿಗಳನ್ನು ಖಂಡದ ಉದ್ದಗಲಕ್ಕೂ ಹೋಲಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಡೀ ಖಂಡದ್ದು ಒಂದೇ ಬೆರೆತ ಸಂಸಾರ! ನಿಪಾದ ನೆಂಟರಂಥ ವೈರಸ್‌ಗಳ ಕುರುಹೂ ಅಷ್ಟೇ ವಿಶಾಲವಾಗಿ ಹರಡಿತ್ತು. ಆದರೆ ಗಿನಿ ಕೊಲ್ಲಿಯ ಅನ್ನೊಬಾನ್ ಎಂಬ ಪುಟ್ಟ ದ್ವೀಪದ ಬಾವಲಿಗಳು ಬೇರೆ ಚಹರೆಯವು, ಸಂಖ್ಯೆಯೂ ಕಡಿಮೆ. ಅಷ್ಟು ಸಣ್ಣ ಗುಂಪಿನಲ್ಲೂ ಸೋಂಕು ತಗುಲಿದ್ದ ಗುರುತು ಸಿಕ್ಕಿತು. ಸಂಖ್ಯೆ ತಗ್ಗಿಸಿದರೆ ವೈರಸ್ ಸಾಯುತ್ತದೆ ಎಂದು ನಂಬುವವರು ಈ ದ್ವೀಪವನ್ನು ನೆನಪಿಟ್ಟುಕೊಳ್ಳಬೇಕು.

ಓಡಿಸುವುದಲ್ಲ, ಕೊಂದೇ ನೋಡಿದವರೂ ಇದ್ದಾರೆ. ಉಗಾಂಡಾದ ಕಿಟಾಕಾ ಗಣಿಯ ಕೆಲಸಗಾರರಿಗೆ 2007ರಲ್ಲಿ, ಬಾವಲಿಗಳಿಂದ ತಗುಲುವ ಮಾರ್ಬರ್ಗ್ ಎಂಬ ವೈರಸ್ ಜ್ವರ ಬಂತು. ಗಣಿಯಲ್ಲಿದ್ದ ಬಾವಲಿಗಳನ್ನೆಲ್ಲ ನಾಶ ಮಾಡಿದರು. ಕೆಲವು ವರ್ಷಗಳಲ್ಲಿ ಬಾವಲಿಗಳು ಮತ್ತೆ ಬಂದು ಸೇರಿಕೊಂಡವು, ಮೊದಲಿನ ಸಂಖ್ಯೆಯ ಒಂದು ಸಣ್ಣ ಪಾಲು ಅಷ್ಟೇ. 2012ರಲ್ಲಿ ಪರೀಕ್ಷಿಸಿದಾಗ, ಹಿಂದೆ ನೂರಕ್ಕೆ ಸುಮಾರು 5 ಬಾವಲಿಗಳಲ್ಲಿದ್ದ ಸೋಂಕು 13ಕ್ಕೆ ಏರಿತ್ತು. ಅದೇ ವರ್ಷ ಹತ್ತಿರದ ಇಬಾಂಡಾ ಪಟ್ಟಣದಲ್ಲಿ ಜನರಿಗೆ ಮಾರ್ಬರ್ಗ್ ಹರಡಿತು. ಸೋಂಕು ಇನ್ನೂ ತಾಗದಿದ್ದ ಹೊಸ ಬಾವಲಿಗಳು ಬಂದು ಸೇರಿದ್ದೇ ಕಾರಣವಿರಬಹುದು ಎಂಬುದು ಅಧ್ಯಯನ ಮಾಡಿದವರ ಊಹೆ.

ಕಲ್ಲಿಕೋಟೆಯ ಪಾಠವಂತೂ ಇನ್ನೂ ಹತ್ತಿರದ್ದು. ಅಲ್ಲಿ ಮೊದಲು ಅನುಮಾನಕ್ಕೆ ಸಿಕ್ಕಿದ್ದು ಒಂದು ಬಾವಿಯೊಳಗಿದ್ದ, ಹಣ್ಣನ್ನೇ ಮುಟ್ಟದ, ಹುಳ ತಿನ್ನುವ ಬಾವಲಿಗಳು. ಭೋಪಾಲಿನ ಪ್ರಯೋಗಾಲಯ ಅವುಗಳಲ್ಲಿ ವೈರಸ್ ಇಲ್ಲ ಎಂದಿತು. ಮೊದಲ ರೋಗಿಯ ನಂತರ ಕಾಯಿಲೆ ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳಲ್ಲಿ, ಮನುಷ್ಯರಿಂದ ಮನುಷ್ಯರಿಗೆ. ಆರೈಕೆ ಮಾಡಿದ ನರ್ಸ್ ಲಿನಿ ತೀರಿಕೊಂಡರು. ಹಾಗಿರುವಾಗ ನಾವು ಮರದ ಮೇಲೆ ಕಣ್ಣಿಟ್ಟು ಕೂತಿದ್ದೇವೆ.

ನಮ್ಮ ವನ್ಯಜೀವಿ ಕಾನೂನೂ ಬಹುಕಾಲ ನೆರೆಮನೆಯವರ ಪಕ್ಷದಲ್ಲೇ ಇತ್ತೆನ್ನಿ. ಇಲಿ, ಕಾಗೆಗಳ ಸಾಲಿನಲ್ಲಿ ಹಣ್ಣುಬಾವಲಿಯನ್ನೂ ಪೀಡೆ ಎಂದು ಬರೆದಿದ್ದ ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ.

ಹಾಗೆಂದು ನಾವು ಎಚ್ಚರ ಬಿಟ್ಟಿಲ್ಲ. ಚೀಪಿದ ಅಡಿಕೆಯನ್ನು ನಾವೀಗ ಬರಿಗೈಯಲ್ಲಿ ಹೆಕ್ಕುವುದಿಲ್ಲ. ಕೈಗವಸು ಹಾಕಿ ಹೆಕ್ಕಿ, ಬೇರೆಯೇ ಅಂಗಳದಲ್ಲಿ ಒಣಗಿಸುತ್ತೇವೆ. ಕಚ್ಚಿದ ಪೇರಳೆ, ಮಾವು ಸಿಹಿ ಎಂದು ಮೊಮ್ಮಕ್ಕಳು ಬಾಯಿಗಿಟ್ಟರೆ ಬೈಗುಳ ಖಂಡಿತ. ಬಾವಿಗೆ ಬಲೆ ಹಾಕಿಸಿದ್ದೇನೆ.

ನೆರೆಮನೆಯವರಲ್ಲಿ, ಹಾಗೆಯೇ ಇದನ್ನು ಓದುವ ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಗೋಳಿಮರದ ವಿಷಯ ಎತ್ತುವ ಬದಲು, ಜ್ವರ ಬಂದವನನ್ನು ಬೇರೆ ಇಟ್ಟು ನೋಡಿಕೊಳ್ಳಲು ನಮ್ಮ ತಾಲೂಕಿನಲ್ಲಿ ಎಷ್ಟು ಕೋಣೆಗಳಿವೆ, ಅಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಎಷ್ಟು ಮಾಸ್ಕ್, ಎಷ್ಟು ಕೈಗವಸು ಸಿಗುತ್ತದೆ ಎಂದು ಕೇಳಿ. ನಾನೂ ನಿಮ್ಮ ಜೊತೆ ಎದ್ದು ನಿಂತು ಕೇಳುತ್ತೇನೆ.