ಸರಪಳಿಯ ಮೊದಲ ಕೊಂಡಿ ಒಂದು ಮರ

ವ್ಯವಹಾರ ನಿರ್ವಹಣೆಯ ಶಾಸ್ತ್ರದಲ್ಲಿ ‘ಪೂರೈಕೆ ಸರಪಳಿ’ ಎಂಬ ಪದಕ್ಕೆ ಇನ್ನೂ ಅರ್ಧ ಶತಮಾನ ತುಂಬಿಲ್ಲ. ಸಲಹಾ ಸಂಸ್ಥೆಯೊಂದರಲ್ಲಿದ್ದ ಕೀತ್ ಆಲಿವರ್ 1982ರಲ್ಲಿ ಅದನ್ನು ಬಳಕೆಗೆ ತಂದರು. ಮರುವರ್ಷ ಪೀಟರ್ ಕ್ರಾಲ್ಜಿಕ್ ಎಂಬವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಖರೀದಿಯ ಕುರಿತು ಬರೆದ ಲೇಖನ ಇಂದಿಗೂ ಎಂಬಿಎ ತರಗತಿಗಳಲ್ಲಿ ಪಾಠವಾಗುತ್ತಿದೆ. ಕಂಪನಿಯೊಂದು ಕೊಳ್ಳುವ ಎಲ್ಲ ವಸ್ತುಗಳನ್ನೂ ಅವರು ನಾಲ್ಕು ಚೌಕಗಳಲ್ಲಿ ಇರಿಸಿದರು. ಚೌಕ ನಿರ್ಧರಿಸಲು ಪ್ರಶ್ನೆಗಳು ಎರಡೇ: ಈ ವಸ್ತುವಿನಿಂದ ಲಾಭದ ಮೇಲೆ ಆಗುವ ಪರಿಣಾಮವೆಷ್ಟು? ಇದು ಸಕಾಲಕ್ಕೆ ಸಿಗದೇ ಹೋಗುವ ಅಪಾಯವೆಷ್ಟು? ಇಲ್ಲಿ ‘ಅಪಾಯ’ವೆಂದರೆ ಕೊಳ್ಳುವವನ ಅಪಾಯ. ಕೊಡುವವನ ಅಪಾಯಕ್ಕೆ, ವಸ್ತುವಿನ ಮೂಲವಾದ ಕಾಡಿನ ಅಪಾಯಕ್ಕೆ ಆ ಚೌಕಗಳಲ್ಲಿ ಸ್ಥಳವಿಲ್ಲ. ಮಲೆನಾಡಿನ ಉಪ್ಪಾಗೆಯ ಕಥೆಯನ್ನು ಈ ಶಾಸ್ತ್ರದ ಎದುರಿಗಿಟ್ಟು ನೋಡಿದಾಗ ಈ ಕೊರತೆಯ ಆಳ ತಿಳಿಯುತ್ತದೆ.

ಉಪ್ಪಾಗೆ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಮುರುಗಲಿನ ದಾಯಾದಿ. ಕೇರಳದ ಮೀನು ಸಾರಿಗೆ ಕುಡಂಪುಳಿಯಾಗಿ, ಕೊಡಗಿನ ಅಡುಗೆಗೆ ಕಾಚಂಪುಳಿಯಾಗಿ ಅದರ ಹುಳಿ ಹಿಂದಿನಿಂದಲೂ ಸಲ್ಲುತ್ತಿತ್ತು. ಉತ್ತರ ಕನ್ನಡದ ಮನೆಗಳಲ್ಲಿ ಬೀಜದಿಂದ ತುಪ್ಪ ತೆಗೆಯುತ್ತಿದ್ದರು. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಸಿಪ್ಪೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿದರು. ಅದು ದೇಹದಲ್ಲಿ ಕೊಬ್ಬು ಕಟ್ಟುವ ಕ್ರಿಯೆಯನ್ನು ತಡೆಯಬಲ್ಲದೆಂಬ ಪ್ರಯೋಗಾಲಯದ ಸುಳಿವು ಸಿಕ್ಕಿದ್ದೇ ತಡ, 1990ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗಳ ಸಂತೆ ಆರಂಭವಾಯಿತು. 1998ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆ ಜಾಮಾ, 135 ಜನರ ಮೇಲೆ ಹನ್ನೆರಡು ವಾರ ನಡೆದ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು: ಉಪ್ಪಾಗೆಯ ಸಾರ ತಿಂದವರಿಗೂ ಹುಸಿಮಾತ್ರೆ ತಿಂದವರಿಗೂ ತೂಕ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಸಂತೆ ಅಷ್ಟಕ್ಕೇ ಮುಗಿಯಲಿಲ್ಲ. 2012ರಲ್ಲಿ ಅಮೆರಿಕದ ಟಿ.ವಿ. ವೈದ್ಯರೊಬ್ಬರು ಮತ್ತೆ ಅದನ್ನು ಹೊಗಳಿದರು. 2014ರ ಜೂನ್‌ನಲ್ಲಿ ಅವರು ಸೆನೆಟ್ ಉಪಸಮಿತಿಯ ಮುಂದೆ ನಿಂತು ಅದಕ್ಕೆ ಉತ್ತರ ಹೇಳಬೇಕಾಯಿತು.

ಹೀಗೆ ಬೇಡಿಕೆ ಏರಿಳಿಯುವುದನ್ನು ಸಂಶೋಧಕರು ಅಭ್ಯಸಿಸಿಲ್ಲವೆಂದಲ್ಲ. 1961ರಲ್ಲಿಯೇ ಜೇ ಫಾರೆಸ್ಟರ್ ಅದರ ಗಣಿತವನ್ನು ಬಿಡಿಸಿದ್ದರು. ಅಂಗಡಿಯಲ್ಲಿ ಮಾರಾಟ ಹತ್ತರಷ್ಟು ಹೆಚ್ಚಿದರೆ ಅಂಗಡಿಯವನು ಮುಂಜಾಗ್ರತೆಗೆ ಹದಿನೈದು ತರಿಸುತ್ತಾನೆ, ಸಗಟು ವ್ಯಾಪಾರಿ ಇಪ್ಪತ್ತೈದು ಬೇಡುತ್ತಾನೆ, ತಯಾರಕ ನಲವತ್ತಕ್ಕೆ ಕಚ್ಚಾವಸ್ತು ಕೊಳ್ಳುತ್ತಾನೆ. ಮಾರಾಟ ತುಸು ಕುಗ್ಗಿದರೆ ಇದೇ ಲೆಕ್ಕ ತಿರುಗುಮುರುಗು. ಹಿಡಿಯಲ್ಲಿ ಸಣ್ಣ ಅಲುಗಾಟ, ತುದಿಯಲ್ಲಿ ಸಿಡಿಲು. ಆದ್ದರಿಂದ ಇದಕ್ಕೆ ಚಾವಟಿ ಪರಿಣಾಮವೆಂಬ ಹೆಸರು. 1997ರಲ್ಲಿ ಹೌ ಲೀ ಮತ್ತು ಸಂಗಡಿಗರು ಇದಕ್ಕೆ ನಾಲ್ಕು ಕಾರಣಗಳನ್ನು ಕೊಟ್ಟರು: ಬೇಡಿಕೆಯ ತಪ್ಪು ಅಂದಾಜು, ಒಟ್ಟೊಟ್ಟಾಗಿ ಆದೇಶ ಕೊಡುವುದು, ಬೆಲೆಯ ಏರಿಳಿತ, ಅಭಾವವಿದ್ದಾಗ ಬೇಕಿದ್ದಕ್ಕಿಂತ ಹೆಚ್ಚು ಕೇಳುವುದು. ನಾಲ್ಕೂ ನಿಜ. ಆದರೆ ನಾಲ್ಕೂ ಕಂಪನಿ ಕಂಪನಿಗಳ ನಡುವಣ ಸಂಗತಿಗಳು. ತುದಿಯಲ್ಲಿರುವುದು ಕಾರ್ಖಾನೆಯೆಂದೇ ಈ ಶಾಸ್ತ್ರ ಭಾವಿಸಿದೆ. ಕಾರ್ಖಾನೆಗೆ ಇನ್ನೊಂದು ಪಾಳಿ ಸೇರಿಸಬಹುದು, ಬೀಗವನ್ನೂ ಹಾಕಬಹುದು.

ಉಪ್ಪಾಗೆಯ ಚಾವಟಿಗೆ ಹಿಡಿ ಅಮೆರಿಕದ ಔಷಧದಂಗಡಿಯಲ್ಲಿತ್ತು, ತುದಿ ಶಿರಸಿ-ಸಿದ್ದಾಪುರದ ಕಾಡಿನಲ್ಲಿತ್ತು. ಉಪ್ಪಾಗೆಯಲ್ಲಿ ಗಂಡು ಮರ ಹೆಣ್ಣು ಮರಗಳು ಬೇರೆ ಬೇರೆ. ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು. ಬೀಜದ ಸಸಿ ಫಲ ಕೊಡಲು ಹತ್ತು ಹನ್ನೆರಡು ವರ್ಷ. ಕಸಿ ಗಿಡ ಮೂರನೆಯ ವರ್ಷಕ್ಕೆ ಕಾಯಿ ಹಿಡಿಯಬಹುದಾದರೂ ಕಾಡಿನಲ್ಲಿ ಕಸಿ ಕಟ್ಟುವವರಾರು? ಈ ವರ್ಷ ಬೆಲೆ ಮೂರು ಪಟ್ಟಾದರೂ ಮರ ಮೂರು ಪಟ್ಟು ಬಿಡಲಾರದು. ಆಗ ಹೆಚ್ಚುವುದು ಫಸಲಲ್ಲ, ಕೊಯ್ಯುವವರ ಸಂಖ್ಯೆ ಮತ್ತು ಅವಸರ. ಹಳದಿಗೆ ತಿರುಗುವವರೆಗೆ ಕಾದರೆ ಪಕ್ಕದವನು ಕೊಯ್ದುಕೊಂಡು ಹೋಗುತ್ತಾನೆಂಬ ಭಯದಲ್ಲಿ ಹಸಿರು ಕಾಯಿಯೇ ಬುಟ್ಟಿ ಸೇರುತ್ತದೆ. ಕೈಗೆಟುಕದ ರೆಂಬೆ ಕತ್ತಿಗೆ ಬಲಿಯಾಗುತ್ತದೆ. ಬಲಿಯದ ಬೀಜ ಮೊಳೆಯುವುದಿಲ್ಲ, ತುಪ್ಪಕ್ಕೂ ಒದಗುವುದಿಲ್ಲ. ಮಂಗಕ್ಕೆ ಹಣ್ಣೂ ಇಲ್ಲ.

ಇದರಲ್ಲಿ ಹಳ್ಳಿಗರ ದುರಾಸೆಯನ್ನು ಕಾಣುವವರು ಸೊಪ್ಪಿನಬೆಟ್ಟದ ಕಡೆಗೂ ನೋಡಬೇಕು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಪಡೆದ ಕೃಷಿಕ ತನ್ನ ಬೆಟ್ಟದ ಉಪ್ಪಾಗೆ ಹಣ್ಣಾಗುವವರೆಗೆ ಕಾಯಬಲ್ಲ. ಅವನಿಗೆ ನಾಳೆಯ ಭರವಸೆಯಿದೆ. ಕಾಯ್ದಿಟ್ಟ ಅರಣ್ಯದಲ್ಲಿ ಸಂಗ್ರಹದ ಹಕ್ಕನ್ನು ಇಲಾಖೆ ಅಲ್ಪಾವಧಿಗೆ ಟೆಂಡರಿನ ಮೂಲಕ ಗುತ್ತಿಗೆದಾರನಿಗೆ ಕೊಡುತ್ತದೆ. ಗುತ್ತಿಗೆಯ ಅವಧಿ ಮುಗಿದ ಮೇಲೆ ಆ ಮರ ಬದುಕಿದರೂ ಸತ್ತರೂ ಗುತ್ತಿಗೆದಾರನಿಗೆ ಒಂದೇ. ಆರಿಸುವ ಬಡವನಿಗೆ ಮರದ ಮೇಲೆ ಯಾವ ಅಧಿಕಾರವೂ ಇಲ್ಲ. ಜಾತಿಯೊಂದೇ, ಮಳೆಯೊಂದೇ, ಊರೂ ಒಂದೇ. ಕೊಯ್ಲು ಮಾತ್ರ ಎರಡು ಬಗೆ. ಖರೀದಿಯ ಯಾವ ಸಂಶೋಧನೆಯಾದರೂ ಇಲ್ಲಿಂದ ಹೊರಡಬೇಕಿತ್ತು.

ಸೌದೆಯ ಲೆಕ್ಕವಂತೂ ಯಾರ ಬೀಜಕದಲ್ಲಿಯೂ ಇಲ್ಲ. ಉಪ್ಪಾಗೆ ಹಣ್ಣಾಗುವುದು ಆಷಾಢ-ಶ್ರಾವಣದ ಜಡಿಮಳೆಯಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ಒಣ ಸೌದೆ ಸುಮಾರು 15,000 ಕಿಲೋಜೂಲ್ ಕೊಟ್ಟರೂ ಬಯಲು ಒಲೆಯಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಸಿಪ್ಪೆಗೆ ತಲುಪುತ್ತದೆಂದು ಹಿಡಿಯೋಣ. ಆಗ ಲೀಟರಿಗೆ ಒಂದೂವರೆ ಕಿಲೋ ಸೌದೆ ಬೇಕು. ಒಂದು ಕಿಲೋ ಒಣ ಸಿಪ್ಪೆಗಾಗಿ ನಾಲ್ಕೇ ಲೀಟರ್ ನೀರು ಹೋಗಬೇಕೆಂದರೂ ಆರು ಕಿಲೋ ಸೌದೆಯಾಯಿತು. ಮಳೆಗಾಲದ ಹಸಿ ಸೌದೆಯಾದರೆ ಇನ್ನೂ ಹೆಚ್ಚು. ಮುಚ್ಚಿದ ಒಣಗೂಡುಗಳು ಇದನ್ನು ಬಹಳಷ್ಟು ತಗ್ಗಿಸಬಲ್ಲವು. ಆದರೆ ಸೌದೆ ಕಾಡಿನಿಂದ ಪುಕ್ಕಟೆ ಬರುವವರೆಗೆ, ಕೊಳ್ಳುವವನು ಅದರ ಬೆಲೆ ತೆರದಿರುವವರೆಗೆ, ಗೂಡಿಗೆ ಹಣ ಹಾಕುವ ಗರಜು ಯಾರಿಗೂ ಇರುವುದಿಲ್ಲ.

ಅಡಿಕೆ ಬೆಳೆಗಾರರಿಗೆ ಇಂಥ ಹೊಡೆತ ಹೊಸದಲ್ಲ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾದದ್ದು 1923ರಲ್ಲಿ. ಬೆಲೆ ಕುಸಿದು ಬೆಳೆಗಾರ ಕಂಗಾಲಾಗಿದ್ದ ದಿನಗಳಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೆಲೆ ಬಿದ್ದಾಗ ಕೊಂಡು ದಾಸ್ತಾನಿಡುವ ಸಂಸ್ಥೆಯಿದ್ದರೆ ಚಾವಟಿಯ ಪೆಟ್ಟು ಮೆದುವಾಗುತ್ತದೆ. ತೋಟ ತನ್ನದು, ಪಹಣಿಯಲ್ಲಿ ಹೆಸರಿದೆ ಎಂಬುದರಿಂದಲೇ ಅವರು ಸಂಘ ಕಟ್ಟಿದರು. ಉಪ್ಪಾಗೆ ಆರಿಸುವವರಿಗೆ ಆ ಬುನಾದಿಯೇ ಇಲ್ಲ.

ಆದರೆ ಕಾನೂನು ಇದೆ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ ಮತ್ತು ವಿಲೇವಾರಿಯ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಡುತ್ತದೆ. 2012ರ ನಿಯಮ ತಿದ್ದುಪಡಿ ಸಾಗಾಣಿಕೆ ಪರವಾನಗಿಯನ್ನು ಗ್ರಾಮಸಭೆಯ ವ್ಯಾಪ್ತಿಗೆ ತಂದಿತು. ಬಿಳಿಗಿರಿರಂಗನಬೆಟ್ಟದ ಸೋಲಿಗರ ಗ್ರಾಮಸಭೆಗಳು 2011ರಲ್ಲಿಯೇ ಸಮುದಾಯ ಹಕ್ಕು ಪಡೆದವು. ಉತ್ತರ ಕನ್ನಡದಲ್ಲಿ ಮಾತ್ರ ಕಾಯಿದೆಯ ಚರ್ಚೆಯೆಲ್ಲ ಅತಿಕ್ರಮಣ ಭೂಮಿಯ ಸುತ್ತಲೇ ಗಿರಕಿ ಹೊಡೆಯಿತು. ಮನೆ ಅಡಿಯ ನೆಲ ದೊಡ್ಡದೇ ಸರಿ, ಆದರೆ ಕಾಡಿನ ಫಲದ ಹಕ್ಕು ಕೇಳದೆ ಬಿಟ್ಟದ್ದರಿಂದ ಟೆಂಡರು ಮುಂದುವರಿಯಿತು.

ಕೊಳ್ಳುವವರಿಗೆ ಮನಸ್ಸಿದ್ದರೆ ಸರಪಳಿಯ ಬುಡವನ್ನು ನೋಡುವುದು ಅಸಾಧ್ಯವೇನಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ಕಾನೂನಿನ ಜಾರಿ ಮತ್ತೆ ಮತ್ತೆ ಮುಂದೆ ಹೋಗಿದ್ದರೂ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಅಕ್ಷಾಂಶ-ರೇಖಾಂಶ ಕೇಳುವ ಕಾಲ ಬಂದಿದೆ. ಅದೂ ಕೇಳುವುದು 2020ರ ನಂತರ ಕಾಡು ಕಡಿದಿರಾ ಎಂದು. ಹಣ್ಣು ಕೊಯ್ದಿರೋ ಕಾಯಿ ಕೊಯ್ದಿರೋ, ಯಾವ ಸೌದೆ ಸುಟ್ಟಿರಿ ಎಂದಲ್ಲ. ಕಾಡುತ್ಪನ್ನಕ್ಕೆ ಬೇಕಾದ ಪ್ರಶ್ನೆಗಳನ್ನು ಬ್ರಸೆಲ್ಸ್‌ನವರು ಬರೆದುಕೊಡಲಾರರು. ಮಲೆನಾಡಿನ ಕಾಲೇಜುಗಳಲ್ಲಿ ವಾಣಿಜ್ಯ ಓದುವ ವಿದ್ಯಾರ್ಥಿ ಯೋಜನಾ ವರದಿಗೆಂದು ನಗರದ ಮಾಲ್‌ಗೆ ಹೋಗುವ ಬದಲು ತನ್ನೂರಿನ ಒಂದು ಉಪ್ಪಾಗೆ ಮರದಡಿ ನಿಲ್ಲಬಹುದು. ಹಣ್ಣಾದ ದಿನ, ಕೊಯ್ದ ದಿನ, ಆರಿಸಿದವನಿಗೆ ಸಿಕ್ಕ ದರ, ಸುಟ್ಟ ಸೌದೆ, ಶಿರಸಿ ಪೇಟೆಯ ದರ, ಇಷ್ಟನ್ನು ಮೂರು ಮಳೆಗಾಲ ಬರೆದಿಟ್ಟರೆ ಅದು ಯಾವ ವಿಶ್ವವಿದ್ಯಾಲಯಕ್ಕಾದರೂ ಸಲ್ಲುವ ಸಂಶೋಧನೆ.

ಅಷ್ಟರವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಹಳದಿ ಬಣ್ಣಕ್ಕೆ ತಿರುಗುವ ಮೊದಲು ಕೊಯ್ದ ಸಿಪ್ಪೆಯನ್ನು ಕೊಳ್ಳಕೂಡದು, ಒಣಗೂಡಿನ ಖರ್ಚು ಗುತ್ತಿಗೆದಾರನದು ಎಂಬ ಎರಡು ಸಾಲುಗಳನ್ನು ಟೆಂಡರಿನ ಕರಾರಿನಲ್ಲಿ ಸೇರಿಸುವಂತೆ ಗ್ರಾಮಸಭೆ ಠರಾವು ಮಾಡಿ ಇಲಾಖೆಗೆ ಕಳುಹಿಸಬಹುದು. ಮಳೆ ಹಿಡಿಯುವ ಮೊದಲೇ, ಮೇ ತಿಂಗಳೊಳಗೆ ಸಭೆ ಸೇರಬೇಕು.